ಕತ್ತರಿ ಈಸೋ ಆರೋ

ಮೇಷ್ಟ್ರಿಗೆ ಬರುತ್ತಿದ್ದದ್ದು ಎರಡೇ ವಿದ್ಯೆ: ಇಂಗ್ಲಿಷ್ ಗ್ರಾಮರು ಮತ್ತು ರೂಲುದೊಣ್ಣೆ. ಮೊದಲನೆಯದು ಅರ್ಧಂಬರ್ಧ, ಎರಡನೆಯದು ಚೆನ್ನಾಗಿ. ಶಾಲೆಯ ಕೆಲಸಕ್ಕೆಂದು ಮೂರು ಸಲ ಪರೀಕ್ಷೆಗೆ ಕೂತು, ಮೂರು ಸಲವೂ ಪ್ರಶ್ನೆಪತ್ರಿಕೆಯನ್ನೇ ಬೈದುಕೊಂಡು ಮನೆಗೆ ಬಂದ ಆಸಾಮಿ. ಈಗ ಮನೆಯ ಮುಂದಿನ ಕೋಣೆಯಲ್ಲಿ ಟ್ಯೂಷನ್ ನಡೆಸುತ್ತಿದ್ದ.

ಅವನ ಹೆಂಡತಿ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಹನ್ನೊಂದು ವರ್ಷದಿಂದ ಕಾಲರ್ ಹೊಲಿಯುತ್ತಿದ್ದಳು. ಸಣಕಲು ದೇಹ, ಚುರುಕು ಕೈ. ಅಲ್ಲಿ ಎಲ್ಲರೂ ಅವಳನ್ನು ಸೂಜಿ ಎಂದೇ ಕರೆಯುತ್ತಿದ್ದರು. ಸೂಪರ್‌ವೈಸರ್ ಕೆಲಸವೊಂದು ಖಾಲಿ ಬಿದ್ದಿತ್ತು. ಅದಕ್ಕೊಂದು ಇಂಗ್ಲಿಷ್ ಪರೀಕ್ಷೆ: ನಲವತ್ತು ಪ್ರಶ್ನೆ, ಪ್ರತಿಯೊಂದರಲ್ಲೂ ಸರಿಯಾದ ವಾಕ್ಯಕ್ಕೆ ಗುರುತು ಹಾಕಬೇಕು. ಪಾಸಾದವಳಿಗೆ ಕಂಪನಿಯ ಹೆಂಗಸರ ಹಾಸ್ಟೆಲಿನಲ್ಲಿ ಒಂದು ಕೋಣೆ. ಸೂಜಿ ಹೋಗಿ ಅದನ್ನು ನೋಡಿಕೊಂಡು ಬಂದಿದ್ದಳು. ಬಾಗಿಲಿಗೆ ಒಳಗಿನಿಂದ ಹಾಕಿಕೊಳ್ಳುವ ಚಿಲಕವಿತ್ತು. ಎರಡು ಸಲ ಹಾಕಿ ತೆಗೆದು ನೋಡಿದ್ದಳು. ಅವಳಿಗೆ ಬೇಕಾಗಿದ್ದದ್ದು ಆ ಚಿಲಕ.

ಇದನ್ನು ತಿಳಿಯದಷ್ಟು ದಡ್ಡನೇನಲ್ಲ ಮೇಷ್ಟ್ರು. "ನಾನೇ ಹೇಳ್ಕೊಡ್ತೀನಿ, ಫೇಲಾಗಿ ನನ್ನ ಮರ್ಯಾದೆ ಕಳೀಬೇಡ" ಎಂದ. ಒಂದು ತಪ್ಪಿಗೆ ಒಂದೇಟು, ಬೆರಳ ಗೆಣ್ಣಿನ ಮೇಲೆ, ಅದೂ ಬರೆಯುವ ಬಲಗೈಗೇ. ಒಳಗಿದ್ದ ಅತ್ತೆ ಪ್ರತಿ ಏಟಿಗೂ ಟೀವಿಯ ಸದ್ದು ಏರಿಸುತ್ತಿದ್ದಳು. ನೆರೆಹೊರೆಯವರು ಮುದುಕಿಗೆ ಕಿವುಡು ಎಂದುಕೊಂಡಿದ್ದರು.

ಪರೀಕ್ಷೆಯ ದಿನ ಬೆಳಿಗ್ಗೆ ಏಳಕ್ಕೆ ಕೊನೆಯ ಪಾಠ. ಹಳೆಯ ಪತ್ರಿಕೆಯ ಹದಿನೇಳನೆಯ ಪ್ರಶ್ನೆ. ಒಂದು, ದಿ ಸಿಸರ್ಸ್ ಈಸ್ ಆನ್ ದಿ ಟೇಬಲ್. ಎರಡು, ದಿ ಸಿಸರ್ಸ್ ಆರ್ ಆನ್ ದಿ ಟೇಬಲ್. ಸೂಜಿ ಎರಡಕ್ಕೆ ಗುರುತು ಹಾಕಿದಳು. ದೊಣ್ಣೆ ಬಿತ್ತು.

"ಕತ್ತರಿ ಅಂದ್ರೆ ಎಷ್ಟೇ?"

"ಒಂದು."

"ಒಂದಕ್ಕೆ ಏನು ಬರುತ್ತೆ?"

"ಈಸು. ಆದ್ರೆ ಕತ್ತರಿಗೆ ಆರೇ ರೀ."

ಮದುವೆಯಾದಾಗಿನಿಂದ ಅವಳು ಗಂಡನಿಗೆ ಎದುರಾಡಿದ್ದು ಅದೇ ಮೊದಲು. ಫ್ಯಾಕ್ಟರಿಯಲ್ಲಿ ಅವಳ ಮೆಷಿನ್ನಿನ ಮೇಲುಗಡೆ ಕೆಂಪಕ್ಷರದ ಬೋರ್ಡೊಂದಿತ್ತು: ಸಿಸರ್ಸ್ ಆರ್ ಟು ಬಿ ಟೈಡ್ ಟು ದಿ ಟೇಬಲ್. ಜಗಳದಲ್ಲಿ ಯಾರೂ ಯಾರಿಗೂ ಚುಚ್ಚದಿರಲಿ ಎಂದು ಅಲ್ಲಿ ಕತ್ತರಿಗಳನ್ನು ದಾರದಿಂದ ಮೇಜಿಗೆ ಕಟ್ಟಿರುತ್ತಾರೆ. ದಿನವೂ ಓದಿದ ಬೋರ್ಡು. ಉಳಿದ ಮೂವತ್ತೊಂಬತ್ತರಲ್ಲಿ ಅನುಮಾನವಿದ್ದರೂ ಇದೊಂದರಲ್ಲಿ ಇರಲಿಲ್ಲ. ಗೊತ್ತಿದ್ದದ್ದನ್ನೂ ತಪ್ಪು ಎನ್ನಲು ನಾಲಿಗೆ ಅಂದು ಏಳಲಿಲ್ಲ.

"ನಂಗೇ ಪಾಠ ಹೇಳ್ತೀಯಾ?"

ಜುಟ್ಟು ಹಿಡಿದು ಮುಖವನ್ನು ಮೇಜಿನ ಅಂಚಿಗೆ ಬಡಿದ. ತುಟಿ ಸೀಳಿತು, ಹಲ್ಲೊಂದು ಅಲುಗಿತು. ಅವಳು ತಲೆಯೆತ್ತುವಷ್ಟರಲ್ಲಿ ದೊಣ್ಣೆ ಮತ್ತೆ ಬಿದ್ದು ತೋರುಬೆರಳು ಲಟಕ್ಕೆಂದಿತು. ಒಳಗೆ ಟೀವಿ ಕಿರುಚತೊಡಗಿತು.

ಮೇಷ್ಟ್ರಿಗೆ ಅಷ್ಟಕ್ಕೂ ತೃಪ್ತಿಯಾಗಲಿಲ್ಲ. ಅವಳ ಹೊಲಿಗೆ ಡಬ್ಬಿಯಿಂದ ಕತ್ತರಿ ತಂದು ಮೇಜಿಗೆ ಕುಕ್ಕಿದ. ಈ ಕತ್ತರಿಯನ್ನು ಯಾರೂ ಕಟ್ಟಿರಲಿಲ್ಲ.

"ಕಣ್ಬಿಟ್ಟು ಎಣಿಸು! ಈಸ್ ಅನ್ನು. ಇಲ್ಲಾಂದ್ರೆ ಇನ್ನೊಂದು ಕೈಯೂ ಮುರೀತೀನಿ. ಅದೇನು ಪರೀಕ್ಷೆ ಬರೀತೀಯೋ ನೋಡೋಣ."

ಎಡಗೈಯಿಂದ ಪತ್ರಿಕೆಯನ್ನು ಮೇಜಿಗೆ ಒತ್ತಿಹಿಡಿದು, ಬಲಗೈಯಲ್ಲಿ ದೊಣ್ಣೆ ಎತ್ತಿದ. ಆಗ ಅವಳಿಗೆ ಕಂಡದ್ದು ಗಂಡನಲ್ಲ, ಚಿಲಕ. ಸೂಜಿ ಎಡಗೈಯಲ್ಲಿ ಕತ್ತರಿ ಎತ್ತಿ, ಅದರ ಬಾಯಿ ತುಸು ತೆರೆದಿದ್ದಂತೆಯೇ, ಪತ್ರಿಕೆ ಒತ್ತಿದ್ದ ಅವನ ಕೈಯ ಬೆನ್ನಿಗೆ ಇಳಿಸಿದಳು. ಎರಡೂ ಮೊನೆ ಮೇಜಿನ ಮರಕ್ಕೆ ತಾಗಿದವು. ಅವನ ಅರಚಾಟ ಮುಚ್ಚುವಷ್ಟು ಸದ್ದು ಆ ಟೀವಿಯಲ್ಲಿರಲಿಲ್ಲ.

"ಈಗ ನೀವೇ ಎಣಿಸಿ ರೀ."

ಬೆರಳಿಗೆ ರವಿಕೆಯ ತುಂಡು ಸುತ್ತಿಕೊಂಡು ಅವಳು ಹತ್ತಕ್ಕೆ ಸರಿಯಾಗಿ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಪರೀಕ್ಷೆಗೆ ಕೂತಳು. ಎಡಗೈಯಲ್ಲೇ ಗುರುತು ಹಾಕಿದಳು. ಹೊಸ ಪ್ರಶ್ನೆ ಹುಡುಕಲು ಕಂಪನಿಗೆ ಸೋಮಾರಿತನ. ಹದಿನೇಳನೆಯದು ಹಾಗೆಯೇ ಇತ್ತು. ಅದನ್ನು ಕೊನೆಗೆಂದು ಉಳಿಸಿಕೊಂಡಳು.

ಅಷ್ಟರಲ್ಲಿ ಒಬ್ಬ ಪೊಲೀಸಮ್ಮ ಬಂದಳು, ಹಿಂದೆ ಎದೆ ಬಡಿದುಕೊಳ್ಳುತ್ತ ಅತ್ತೆ. "ಇವಳೇ! ನನ್ನ ಮಗನ ಕೈ ತೂತು ಮಾಡಿದೋಳು ಇವಳೇ!"

"ಹೌದು, ನಾನೇ" ಎಂದಳು ಸೂಜಿ. "ಒಂದು ಪ್ರಶ್ನೆ ಉಳಿದಿದೆ. ಒಂದು ನಿಮಿಷ ಕೊಡಿ."

ಪೊಲೀಸಮ್ಮ ಅವಳ ತುಟಿ ನೋಡಿದಳು, ಬೆರಳು ನೋಡಿದಳು, ಅತ್ತೆಯನ್ನೂ ನೋಡಿದಳು. ಬೆಂಚಿನ ಮೇಲೆ ಕೂತಳು.

ಸೂಜಿ ಎರಡಕ್ಕೆ ಗುರುತು ಹಾಕಿ ಪತ್ರಿಕೆಯನ್ನು ಮ್ಯಾನೇಜರ್ ಮೇಡಂಗೆ ಕೊಟ್ಟಳು. "ಹದಿನೇಳು ಸರೀನಾ ಮೇಡಂ? ಅಷ್ಟು ಹೇಳಿ ಸಾಕು."

ಮೇಡಂ ಉತ್ತರದ ಹಾಳೆ ತೆಗೆದು ನೋಡಿದರು. "ಸರಿ. ಆರ್. ಪೇಪರು ನನ್ನ ಹತ್ರಾನೇ ಇರುತ್ತೆ. ನೀನು ಹೋಗಿ ಬಾ."

ಏಟು ತಿಂದಾಗ ಬಾರದ ಅಳು ಆಗ ಬಂತು. ಸಂತೋಷಕ್ಕೇ ಬಂದ ಅಳು. ಅದನ್ನು ಮುಚ್ಚಿಡಲೂ ಅವಳು ಹೋಗಲಿಲ್ಲ.

ಪೊಲೀಸಮ್ಮ ಪುಸ್ತಕ ತೆರೆದಳು. "ಎಷ್ಟು ಸಲ ಚುಚ್ಚಿದೆಯಮ್ಮಾ?"

"ಚುಚ್ಚಿದ್ದು ಒಂದೇ ಸಲ" ಎಂದಳು ಸೂಜಿ ಮೂಗೊರೆಸಿಕೊಳ್ಳುತ್ತ. "ಗಾಯ ಎರಡಿರುತ್ತೆ. ಎಣಿಸಿ ಬರ್ಕೊಳ್ಳಿ."