ಎಕ್ಸ್‌ರೇಯಲ್ಲಿ ಕಾಣದ ನೋವು

ಚಳಿಗಾಲ ಮುಗಿಯುತ್ತ ಬಂದಿತ್ತು. ಬೆಳಿಗ್ಗೆ ಏಳು ಗಂಟೆ. ಇಸ್ತ್ರಿ ಅಂಗಡಿಯಲ್ಲಿ ನಾನು ಬಟ್ಟೆಗಳಿಗೆ ನೀರು ಚಿಮುಕಿಸುತ್ತಿದ್ದೆ. ಒಳಗಿನ ಕೋಣೆಯಿಂದ ಸೀದ ವಾಸನೆ ಬಂತು. ಹೋಗಿ ನೋಡಿದೆ. ತಂಗಿಯ ಗಂಡ ಟವೆಲ್ಲನ್ನು ಮಡಿಸಿ, ಇಸ್ತ್ರಿಪೆಟ್ಟಿಗೆಯಲ್ಲಿ ಕಾಯಿಸಿ, ಅವಳ ಮಂಡಿಗೆ ಒತ್ತಿ ಹಿಡಿದಿದ್ದ.

“ತೆಗೆಯೋ ಅದನ್ನ!” ಎಂದು ಕೂಗಿದೆ.

ತೆಗೆದ. ಆಪರೇಷನ್ ಹೊಲಿಗೆಯ ಗುರುತಿನ ಪಕ್ಕದಲ್ಲೇ ಚರ್ಮ ಕೆಂಪಾಗಿ ನೀರುಗುಳ್ಳೆ ಏಳುತ್ತಿತ್ತು.

“ಬಿಸಿ ಗೊತ್ತೇ ಆಗ್ಲಿಲ್ಲ ಅಣ್ಣ” ಎಂದಳು ತಂಗಿ.

ಮೂವತ್ತು ವರ್ಷ ನಿಂತೇ ಇಸ್ತ್ರಿ ಮಾಡಿ ಸವೆದ ಮಂಡಿ ಅದು. ಸವೆದ ಕೀಲು ತೆಗೆದು ಲೋಹದ ಕೀಲು ಹಾಕಿ ಒಂಬತ್ತು ತಿಂಗಳಾಗಿತ್ತು. ಗಾಯ ಮಾಯಿತು, ನೋವು ಹೋಗಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಅವಳನ್ನು ಕೇಳಿದರೆ ಗಂಡನೇ “ಆರಾಮಾಗಿದಾಳೆ ಸಾರ್” ಅನ್ನುತ್ತಿದ್ದ. ಅವಳು ಸುಮ್ಮನೆ ತಲೆ ಆಡಿಸುತ್ತಿದ್ದಳು. ನಾನೂ ಪಕ್ಕದಲ್ಲೇ ಕೂತು ಸುಮ್ಮನಿದ್ದೆ. ಆ ತಪ್ಪು ನನ್ನದೂ ಹೌದು.

ಬೀದಿಯ ಕೊನೆಯ ಆರೋಗ್ಯ ಕೇಂದ್ರಕ್ಕೆ ಓಡಿ ನರ್ಸಮ್ಮನನ್ನು ಕರೆತಂದೆ. ಅಷ್ಟರಲ್ಲಿ ತಂಗಿಯ ಗಂಡ ಟೂತ್‌ಪೇಸ್ಟ್ ಹಿಡಿದು ನಿಂತಿದ್ದ.

“ಅದನ್ನ ಹಲ್ಲಿಗೆ ಇಟ್ಕೊಳ್ಳಪ್ಪ” ಎಂದರು ನರ್ಸಮ್ಮ. ಮಂಡಿಯ ಮೇಲೆ ತಣ್ಣೀರು ಬಿಡುತ್ತ ಹೇಳಿದರು, “ಆಪರೇಷನ್ ಆದ ಜಾಗದ ಪಕ್ಕ ಚರ್ಮ ಜೋಮು ಹಿಡಿದಿರುತ್ತೆ, ಬಿಸಿ ತಿಳಿಯಲ್ಲ. ಈ ಗುಳ್ಳೆ ಒಡೆದು ಸೋಂಕು ಒಳಗಿಳಿದ್ರೆ ಹಾಕಿರೋ ಕೀಲನ್ನೇ ತೆಗೀಬೇಕಾಗ್ಬಹುದು. ಇವತ್ತೇ ಆಸ್ಪತ್ರೆಗೆ ಹೊರಡಿ.”

ಅವನು ಟೂತ್‌ಪೇಸ್ಟನ್ನು ಮೇಜಿನ ಮೇಲೆ ಕುಕ್ಕಿದ. “ನಾನೇನು ಕೆಟ್ಟದ್ದಕ್ಕೆ ಮಾಡಿದ್ನಾ? ನೋವು ನೋವು ಅಂತಾಳೆ. ಎಕ್ಸ್‌ರೇಲಿ ನೋಡಿದ್ರೆ ಏನೂ ಇಲ್ಲ. ಎಲ್ಲ ಇವಳ ಭ್ರಮೆ.”

“ಹಾಗಾದ್ರೆ ಒಂಬತ್ತು ತಿಂಗಳಿಂದ ನಾಟಕ ಆಡ್ತಿದೀನಾ? ಆಡೋದಾಗಿದ್ರೆ ರಾಣಿ ಪಾರ್ಟೇ ಹಾಕ್ತಿದ್ದೆ, ಕುಂಟಿ ಪಾರ್ಟ್ ಯಾಕೆ?” ಎಂದಳು ತಂಗಿ.

ನರ್ಸಮ್ಮ ಅವನ ಕಡೆ ತಿರುಗಿದರು. “ಎಕ್ಸ್‌ರೇಲಿ ಮೂಳೆ ಕಾಣುತ್ತೆ, ಲೋಹ ಕಾಣುತ್ತೆ. ನೋವು ಕಾಣಲ್ಲ. ನಮ್ಮ ಮೈಯ ಕಣಕಣದಲ್ಲೂ ಜೀನ್‌ಗಳಿವೆ, ಅಂದ್ರೆ ಮೈ ಹೇಗೆ ಕೆಲಸ ಮಾಡ್ಬೇಕು ಅಂತ ಹೇಳೋ, ಅಪ್ಪ ಅಮ್ಮನಿಂದ ಬಂದ ಸೂಚನೆಗಳು. ಮೈಗೆ ಕತ್ತರಿ ಬಿದ್ದಾಗ ಊತಕ್ಕೆ, ನೋವಿಗೆ ಸಂಬಂಧಪಟ್ಟ ಜೀನ್‌ಗಳು ಜೋರಾಗಿ ಕೆಲಸ ಮಾಡ್ತವೆ. ಗಾಯ ಮಾಯ್ದಂಗೆ ತಣ್ಣಗಾಗ್ಬೇಕು. ಕೆಲವರಲ್ಲಿ ತಣ್ಣಗಾಗಲ್ವೇನೋ ಅಂತ ವಿಜ್ಞಾನಿಗಳು ಹುಡುಕ್ತಿದಾರೆ.”

“ಜೀನ್ ಅಂದ್ರೆ ಇವಳ ಅಪ್ಪನ ಮನೆ ಕಡೆಯಿಂದ ಬಂದಿದ್ದು ತಾನೆ? ಅವರ ಮನೇಲಿ ಎಲ್ಲರೂ ಹಿಂಗೇ ಬಿಡಿ!” ಎಂದ ತಂಗಿಯ ಗಂಡ.

“ಜೀನ್ ಹುಟ್ಟಿನಿಂದ ಬಂದಿದ್ದೇ. ಆದ್ರೆ ಯಾವುದು ಯಾವಾಗ ಎಷ್ಟು ಕೆಲಸ ಮಾಡುತ್ತೆ ಅನ್ನೋದು ಬದಲಾಗ್ತಾ ಇರುತ್ತೆ. ಇಸ್ತ್ರಿಪೆಟ್ಟಿಗೆ ಒಂದೇ, ಕಾವು ಹೆಚ್ಚುಕಮ್ಮಿ ಆಗಲ್ವಾ? ನೋವು ಯಾರಿಗೆ ಉಳಿಯುತ್ತೆ ಅಂತ ಮೊದಲೇ ಹೇಳೋ ಪರೀಕ್ಷೆ ಇನ್ನೂ ಬಂದಿಲ್ಲ. ಬೇರೆ ಕಾರಣಗಳೂ ಇರ್ಬಹುದು. ಅದಕ್ಕೇ ಡಾಕ್ಟರಿಗೆ ಹೇಳ್ಬೇಕು. ಮಂಡಿ ಬದಲಾಯಿಸಿಕೊಂಡ ಹತ್ತು ಜನರಲ್ಲಿ ಒಬ್ಬಿಬ್ಬರಿಗೆ ನೋವು ಉಳಿಯುತ್ತೆ. ಯಾರೂ ನಾಟಕ ಆಡ್ತಿಲ್ಲ” ಎಂದರು ನರ್ಸಮ್ಮ.

ಅವನು ಟವೆಲ್ಲನ್ನು ಎತ್ತಿ ಬದಿಗಿಟ್ಟು ಹೆಂಡತಿಯ ಕಡೆ ತಿರುಗಿದ. “ನೋವು ನಿಂದು, ಡಾಕ್ಟರಿಗೆ ನೀನೇ ಹೇಳು. ನಾನು ಆಚೆ ಬೆಂಚಲ್ಲಿ ಕೂತಿರ್ತೀನಿ” ಎಂದ.

ಅಂದು ಡಾಕ್ಟರ ಮುಂದೆ ತಂಗಿ ಒಂದೂ ಬಿಡದೆ ಹೇಳಿದಳು. ಸೋಂಕು ಒಳಗಿಳಿದಿರಲಿಲ್ಲ. ಸುಟ್ಟ ಗಾಯಕ್ಕೆ ಪಟ್ಟಿ ಕಟ್ಟಿ, ನೋವಿನ ವಿಭಾಗಕ್ಕೆ ಚೀಟಿ ಬರೆದುಕೊಟ್ಟರು. ಅಲ್ಲಿ ನರದ ನೋವಿಗೆ ಔಷಧಿ, ವ್ಯಾಯಾಮ ಎರಡೂ ಉಂಟಂತೆ.

ಓದುವವರೇ, ಕೇಳುವವರೇ, ನಾನು ಹೆಚ್ಚು ಓದಿದವನಲ್ಲ. ಕಂಡದ್ದನ್ನು ಹೇಳುತ್ತೇನೆ. ಕೀಲು ಬದಲಾಯಿಸಿ ಮೂರು ತಿಂಗಳಾದರೂ ನೋವು ಬಿಡದಿದ್ದರೆ ಬಚ್ಚಿಡಬೇಡಿ. ಜ್ವರ ಬಂದರೆ, ಮಂಡಿ ಕೆಂಪಾದರೆ, ಕೀವು ಕಂಡರೆ ಒಂದು ದಿನವೂ ಕಾಯಬೇಡಿ. ಜೋಮು ಹಿಡಿದ ಚರ್ಮಕ್ಕೆ ಕಾವು ಕೊಡಬೇಡಿ. ನೋವಿದ್ದವರ ಮಾತನ್ನು ನಂಬಿ, ಅವರ ಬಾಯಿಂದಲೇ ಡಾಕ್ಟರಿಗೆ ಹೇಳಿಸಿ.

ಮುಂದಿನ ಗುರುವಾರ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ನೋವಿನ ವಿಭಾಗಕ್ಕೆ ಹೊರಟರು.