ಬೇವೂರಿನ ಲಗಮವ್ವ ತುಳಿದ ಮೀನು

ನೀರಿಗಿಳಿಯುವ ಮುಂಚೆ ಚಪ್ಪಲಿ ಬಿಡುವುದು ನಮ್ಮ ಕಡೆಯ ರೂಢಿ. ಹೊಳೆಯೇ ಇರಲಿ, ಕೆರೆಯೇ ಇರಲಿ, ಗಂಗವ್ವನ ಮೈಮೇಲೆ ಮೆಟ್ಟು ಹಾಕಿಕೊಂಡು ಯಾರು ಕಾಲಿಡುತ್ತಾರೆ? ಬೇವೂರಿನ ಲಗಮವ್ವನಂತೂ ಇಡುವವಳಲ್ಲ. ಅರ್ಧ ಆಯುಷ್ಯ ಕುರಿಗಳ ಹಿಂದೆ ಬರಿಗಾಲಲ್ಲಿ ತಿರುಗಿದವಳು. ಜಾಲಿಮುಳ್ಳು ಕೂಡ ತನ್ನ ಹಿಮ್ಮಡಿಗೆ ಹೆದರುತ್ತದೆ ಎಂದು ಊರ ತುಂಬ ಹೇಳಿಕೊಂಡಿದ್ದಳು.

ಮಹಿಳಾ ಸಂಘದವರು ಕ್ರೂಸರ್ ಗಾಡಿ ಮಾಡಿಕೊಂಡು ಸಮುದ್ರ ನೋಡಲು ಹೊರಟರು. ಗಂಗವ್ವನಿಗೆ ಉಡಿ ತುಂಬುವುದು ಲಗಮವ್ವನ ಹಳೆಯ ಹರಕೆ. ಗುಳೇದಗುಡ್ಡದ ರವಿಕೆ ಖಣ, ಹಸಿರು ಬಳೆ, ತೆಂಗಿನಕಾಯಿ ಎಲ್ಲ ಕಟ್ಟಿಕೊಂಡಿದ್ದಳು. ಕುಳಗೇರಿ ಕ್ರಾಸಿನಲ್ಲಿ ಚಹಾಕ್ಕೆ ನಿಂತಾಗ ಸೊಸೆ ರಾಜಶ್ರೀ ಚೀಲದಿಂದ ದಪ್ಪ ತಳದ ಬೂಟು ತೆಗೆದಳು. ಅವಳು ಊರಿನ ಆಶಾ ಕಾರ್ಯಕರ್ತೆ. ಹೊರಡುವ ಮುಂಚೆ ಡಾಕ್ಟರನ್ನು ಕೇಳಿ ತಿಳಿದುಕೊಂಡಿದ್ದಳು.

“ಅತ್ತಿ, ಸಮುದ್ರದಾಗ ಬಂಡಿಗಲ್ಲು ಇದ್ದಲ್ಲಿ ಇವನ್ನ ಹಾಕ್ಕೋರಿ. ಅಲ್ಲಿ ಒಂದು ಮೀನ ಇರ್ತೈತಂತ. ನೋಡಾಕ ಥೇಟ್ ಕಲ್ಲು. ಮೈಮ್ಯಾಲೆ ಪಾಚಿನೂ ಬೆಳದಿರ್ತೈತಿ. ಬೆನ್ನಮ್ಯಾಲಿನ ಮುಳ್ಳಿನಾಗ ವಿಷ.”

“ಬೆನ್ನಹತ್ತಿ ಕಡಿತೈತೇನು?”

“ಇಲ್ರಿ. ಅದು ಯಾರ ತಂಟೆಗೂ ಹೋಗೂದಿಲ್ಲ. ಸುಮ್ನ ಕುಂತಿರ್ತೈತಿ. ಬಾಯಿ ಮುಂದ ಸಣ್ಣ ಮೀನ ಬಂದ್ರ ಗಪ್ಪನ ನುಂಗತೈತಿ. ನಾವು ತುಳದ್ರ ಮಾತ್ರ ಮುಳ್ಳು ಚುಚ್ಚತೈತಿ.”

“ಬೂಟ ಹಾಕ್ಕೊಂಡು ಗಂಗವ್ವಗ ಉಡಿ ತುಂಬ್ಲೇನು? ನಿನ್ನ ಬೂಟ ನೀನ ಹಾಕ್ಕೋ,” ಎಂದು ಲಗಮವ್ವ ಬಸಿಯ ಚಹಾ ಸೊರ್ರೆಂದು ಕುಡಿದು ಮುಗಿಸಿದಳು.

ಸಮುದ್ರ ಕಂಡದ್ದೇ ತಡ, ಖಣ ಹಿಡಿದು ಬಂಡೆಗಳ ನಡುವಿನ ನೀರಿಗೆ ಬರಿಗಾಲಲ್ಲೇ ಇಳಿದಳು. ಸ್ವಲ್ಪ ದೂರ ಹೋಗಿರಬೇಕು, ಕಿರುಚಿ ಕುಸಿದಳು. ಅವಳು ತುಳಿದ ಕಲ್ಲು ಒಂದಿಷ್ಟು ಪಕ್ಕಕ್ಕೆ ಸರಿದು ಮತ್ತೆ ಕಲ್ಲಿನಂತೆಯೇ ಕುಳಿತುಕೊಂಡಿತು. ಪಾದ ಬಾತು, ನೋವು ತೊಡೆಗೇರಿತು. ಜೀವ ಹೋದೀತೆಂದು ಲಗಮವ್ವ ನಿಜವಾಗಿಯೂ ಹೆದರಿದಳು.

ಎಲ್ಲರೂ ಸೇರಿ ಅವಳನ್ನು ದಂಡೆಗೆ ತಂದರು. ಸಂಘದ ಮಾಬುಬಿ ದಾರ ಹುಡುಕತೊಡಗಿದಳು. “ಚೇಳು ಕಡದಾಂಗ ಆಗೈತಿ. ಮೊಳಕಾಲಿಗೆ ಬಿಗದ ಕಟ್ಟೂಣು.”

ರಾಜಶ್ರೀ ತಡೆದಳು. “ಕಟ್ಟಬ್ಯಾಡ ಮಾಬುಬಿ ಅಕ್ಕಾ, ರಕ್ತ ನಿಂತು ಕಾಲ ಕೆಡತೈತಿ. ಕೊಯ್ಯೂದೂ ಬ್ಯಾಡ, ಬರ್ಫನೂ ಬ್ಯಾಡ. ಆ ಚಹಾದಂಗಡ್ಯಾಗ ಬಿಸಿನೀರು ಇಸ್ಕೊಂಡ ಬಾ.”

“ಬಾಣಂತಿಗೆ ಎರಿಯೂವಷ್ಟು ಬಿಸಿ?”

“ಅಷ್ಟು ಬ್ಯಾಡ, ಸುಟ್ಟೀತು. ಕೈ ತಡಕೊಳ್ಳುವಷ್ಟು.”

ಬಕೆಟ್ಟಿನಲ್ಲಿ ಮೊದಲು ತನ್ನ ಕೈ ಅದ್ದಿ ನೋಡಿ, ಆಮೇಲೆ ಅತ್ತೆಯ ಪಾದ ಇಡಿಸಿದಳು. ಡ್ರೈವರ್ 108ಕ್ಕೆ ಫೋನ್ ಮಾಡಿದ. ನೀರು ಆರಿದಂತೆ ಬಿಸಿನೀರು ಬೆರೆಸುತ್ತ ಕುಳಿತರು. ಬಿಸಿ ತಾಗುತ್ತ ತಾಗುತ್ತ ನೋವು ಇಳಿಯಿತು. ಆಂಬುಲೆನ್ಸ್ ಬರುವ ಹೊತ್ತಿಗೆ ಲಗಮವ್ವ ಮಾತಾಡುವ ಸ್ಥಿತಿಗೆ ಬಂದಿದ್ದಳು.

ದವಾಖಾನೆಯಲ್ಲಿ ಮುಳ್ಳಿನ ಚೂರು ತೆಗೆದು, ಇಂಜೆಕ್ಷನ್ ಕೊಟ್ಟ ಡಾಕ್ಟರು ಕೇಳಿದರು: “ಬಿಸಿನೀರಲ್ಲಿ ಕಾಲಿಡಿಸಿದವರು ಯಾರು? ಒಳ್ಳೆ ಕೆಲಸ ಮಾಡಿದ್ದಾರೆ.”

“ನನ್ನ ಸೊಸಿ ರೀ. ನಮ್ಮ ಬೇವೂರಾಗ ಆಶಾ ಅದಾಳ,” ಎಂದಳು ಲಗಮವ್ವ. ಪಕ್ಕದ ಮಂಚದವರಿಗೂ ಕೇಳಲೆಂದು ಇನ್ನೊಮ್ಮೆ ಹೇಳಿದಳು.

ಮರುದಿನ ಊರಿಗೆ ಹೊರಡುವ ಮುಂಚೆ ಗಾಡಿ ಮತ್ತೆ ದಂಡೆಗೆ ಬಂತು. ಲಗಮವ್ವ ಖಣ, ಬಳೆ, ಕಾಯಿಯನ್ನು ಸೊಸೆಯ ಕೈಗಿಟ್ಟಳು. “ನನ್ನ ಹರಕಿ ನೀ ತೀರಸು.”

ಅತ್ತೆಯ ಮನಸ್ಸಿಗೆ ನೋವಾಗಬಾರದೆಂದು ರಾಜಶ್ರೀ ಬೂಟು ಬಿಚ್ಚಲು ಬಗ್ಗಿದಳು.

“ಬಿಚ್ಚಬ್ಯಾಡ. ಆ ಮೀನದ್ದೇನ ತಪ್ಪಿಲ್ಲ. ಅದು ತನ್ನ ಮನ್ಯಾಗ ಕುಂತಿತ್ತು, ನಾ ಹೋಗಿ ತುಳದೆ. ಮಕ್ಕಳು ಕುಂಟೂದು ನೋಡಾಕ ಗಂಗವ್ವ ನಮ್ಮನ್ನ ಕರಸ್ಕೋತಾಳೇನು? ಹಾಕ್ಕೊಂಡ ಹೋಗು.”

ಬೂಟುಗಾಲಿನ ಸೊಸೆ ಬಂಡೆಯಿಲ್ಲದ, ಬರೀ ಮರಳಿನ ಕಡೆ ನೀರಿಗಿಳಿದು ಉಡಿ ತುಂಬುವುದನ್ನು ಲಗಮವ್ವ ದಂಡೆಯ ಮೇಲೆ ಕುಳಿತು, ಎದೆಯುಬ್ಬಿಸಿ ನೋಡಿದಳು.

ಅಕ್ಕಂದಿರೇ, ಅಣ್ಣಂದಿರೇ, ನೀವೂ ಸಮುದ್ರಕ್ಕೆ ಹೋಗುವವರೇ. ಬಂಡೆಯಿರುವ ಕಡೆ ಬರಿಗಾಲಲ್ಲಿ ಇಳಿಯಬೇಡಿ, ಕಲ್ಲೆಂದುಕೊಂಡು ಏನನ್ನೂ ಮುಟ್ಟಬೇಡಿ. ಮೀನಿನ ಮುಳ್ಳು ಚುಚ್ಚಿದರೆ ಬಿಗಿದು ಕಟ್ಟಬೇಡಿ. ಸುಡದಷ್ಟು ಬಿಸಿನೀರಿನಲ್ಲಿ ಕಾಲಿಟ್ಟು ಕೂಡಲೇ 108ಕ್ಕೆ ಕರೆ ಮಾಡಿ. ನಿಮ್ಮ ಭಕ್ತಿ ನಿಮ್ಮ ಮನಸ್ಸಿನಲ್ಲಿದೆ, ಬೂಟು ಹಾಕಿಕೊಂಡರೆ ಅದು ಕಡಿಮೆಯಾಗುವುದಿಲ್ಲ.