ಒಂದು ಮೂಟೆ ತೂಕದ ಕಾರು

ನನ್ನ ಗಂಡ ಜಿಯಾಉದ್ದೀನ್ ಒಂಬತ್ತು ವರ್ಷಗಳಿಂದ ಒಂದು ಕಾರು ಕಟ್ಟುತ್ತಿದ್ದಾರೆ. ಕಾರು ಕೊಳ್ಳುವವರನ್ನು ನೋಡಿದ್ದೇನೆ, ಮಾರುವವರನ್ನು ನೋಡಿದ್ದೇನೆ. ಮನೆ ಕಟ್ಟಿದ ಹಾಗೆ ಕಾರು ಕಟ್ಟುವವರನ್ನು ನೋಡಿದ್ದು ಮದುವೆಯಾದ ಮೇಲೆಯೇ. ಚಿಕ್ಕಂದಿನಲ್ಲಿ ಇವರ ಕಣ್ಣೆದುರು ಆಲ್ದೂರು ಪೇಟೆಯಲ್ಲಿ ಯಾರೋ ಪ್ಲಾಂಟರ್ ಒಬ್ಬರ ತಗ್ಗು ಕಾರು ಹಾದುಹೋಯಿತಂತೆ. ಮೇಲೆ ಸೂರಿಲ್ಲ, ಎರಡೇ ಸೀಟು, ಉದ್ದ ಮೂತಿ. ಅದರ ನಕಲು ಇದು. ಹೊರಗೆ ಅರವತ್ತು ವರ್ಷ ಹಿಂದಿನ ರೂಪ, ಒಳಗೆ ಈಗಿನ ಕಾಲದ ಇಂಜಿನ್, ಗೇರ್‌ಬಾಕ್ಸ್, ಡಿಸ್ಕ್ ಬ್ರೇಕ್. ಅಜ್ಜಿಗೆ ಮೊಮ್ಮಗಳ ಮೊಣಕಾಲು ಜೋಡಿಸಿದ ಹಾಗೆ.

ಇನ್ನೂ ಬಾಗಿಲಿಲ್ಲ, ಬಣ್ಣವಿಲ್ಲ, ಎಡಗಡೆ ಸೀಟೇ ಇಲ್ಲ. ಆದರೆ ಸ್ಟೀರಿಂಗಿಗೆ ಚರ್ಮದ ಹೊದಿಕೆ ಮಾತ್ರ ಮೊದಲನೇ ವರ್ಷವೇ ಬಂದಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ಆಗ ನಾನು ಹೇಳಿದ್ದನ್ನು ಅವರು ಇನ್ನೂ ಮರೆತಿಲ್ಲ.

ನನ್ನ ಸಿಟ್ಟೆಲ್ಲ ಮನೆಗಿರುವ ಒಂದೇ ಶೆಡ್ಡಿನ ಬಗ್ಗೆ. ಜೀಪು ರಿಪೇರಿ ಮಾಡುವ ಇವರ ಗ್ಯಾರೇಜಿಗೆ ಬೇಕಾದ ಸಾಮಾನು ತರಲು ವಸ್ತಾರೆ ದಾಟಿ ಚಿಕ್ಕಮಗಳೂರಿಗೆ ವ್ಯಾನ್ ಓಡಿಸುವವಳು ನಾನು. ಅನ್ನ ಕೊಡುವ ಆ ವ್ಯಾನು ಒಂಬತ್ತು ಮಳೆಗಾಲ ಬಯಲಲ್ಲಿ ನೆನೆದಿದೆ. ಒಂದು ಹೆಜ್ಜೆ ಓಡದ ಈ ಮಹಾರಾಯ ಸೂರಿನಡಿ ಬೆಚ್ಚಗಿದ್ದಾನೆ. ಈ ಸಲ ಮಳೆ ಬಿಟ್ಟ ಮೇಲೆ ಚೆನ್ನಾಗಿ ಜಗಳವಾಡಿದೆ. ಅವರು ಎಲ್ಲ ಕೇಳಿಸಿಕೊಂಡು, ಕಾಫಿ ಕುಯ್ಲು ಶುರುವಾಗುವ ಮುಂಚಿನ ಭಾನುವಾರ ಕಾರು ಗುಡ್ಡ ಹತ್ತದಿದ್ದರೆ ತಾವೇ ಗುಜರಿಯವನನ್ನು ಕರೆಸುವುದಾಗಿ ಮಾತು ಕೊಟ್ಟರು. ಮಾತು ತಪ್ಪುವ ಜನ ಅವರಲ್ಲ. ಅದು ಗೊತ್ತಿದ್ದೇ ನಾನು ಒಪ್ಪಿದ್ದು.

ಕೊನೆಗೆ ಉಳಿದದ್ದು ಸ್ಪ್ರಿಂಗಿನ ಕೆಲಸ. ಒಬ್ಬರು ಸೀಟಿನಲ್ಲಿ ಕೂತಾಗ ಕಾರಿನ ಹೊಟ್ಟೆಯಡಿ ಎಷ್ಟು ಜಾಗ ಉಳಿಯುತ್ತದೆ ಎಂದು ಇನ್ನೊಬ್ಬರು ಕೆಳಗೆ ಮಲಗಿ ನೋಡಿ, ಅದಕ್ಕೆ ತಕ್ಕ ಸ್ಪ್ರಿಂಗ್ ಕೂರಿಸಬೇಕು.

"ಸ್ವಲ್ಪ ಹೊತ್ತು ಕೂತ್ಕೋ ಮಾರಾಯ್ತಿ," ಎಂದರು.

"ನಾನೇನ್ ಮೂಟೆನಾ?" ಎಂದು ಒಳಗೆ ಹೋದೆ.

ಅವರು ಮೂಟೆಯನ್ನೇ ತಂದರು. ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಬಾಲರಾಜ್ ಇವರಿಗೆ ಗೆಳೆಯ. ಅವನು ಕಳಿಸಿದ ಐವತ್ತು ಕೆಜಿಯ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ ಬೀಜದ ಮೂಟೆ ಹದಿನೈದು ದಿನ ಡ್ರೈವರ್ ಸೀಟಿನಲ್ಲಿ ಗತ್ತಿನಿಂದ ಕೂತಿತ್ತು.

ಭಾನುವಾರ ಬಂತು. ಮನೆಯಲ್ಲಿ ಕಟ್ಟಿದ ಕಾರನ್ನು ಸರ್ಕಾರಿ ರಸ್ತೆಗೆ ಇಳಿಸುವಂತಿಲ್ಲ. ಹಾಗಾಗಿ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹೇರಿಕೊಂಡು ಬಾಲರಾಜ್ ಕೆಲಸ ಮಾಡುವ ಎಸ್ಟೇಟಿಗೆ ಹೋದೆವು. ಗೇಟಿನಿಂದ ಗುಡ್ಡದ ಮೇಲಿನ ಬಂಗಲೆಯವರೆಗೆ ಒಂದೇ ಏರು, ಮೂರು ತಿರುವು, ಮಳೆನೀರು ಹರಿಯಲೆಂದು ರಸ್ತೆಗೆ ಅಡ್ಡ ತೋಡಿದ ಚರಂಡಿಗಳು. ಎರಡೂ ಕಡೆ ಕಾಫಿ ಗಿಡಗಳಲ್ಲಿ ಹಣ್ಣು ಕೆಂಪಾಗುತ್ತಿತ್ತು.

ನನ್ನ ಗಂಡ ಹೊಸ ಶರ್ಟು ಹಾಕಿಕೊಂಡು ಬಿಸ್ಮಿಲ್ಲಾ ಎಂದು ಕೂತರು. ಕೂತರು ಅನ್ನುವುದಕ್ಕಿಂತ ತಮ್ಮನ್ನು ತಾವೇ ತುರುಕಿಕೊಂಡರು. ಕಾರು ಉಸ್ಸೆಂದು ಕುಗ್ಗಿತು. ಇಂಜಿನ್ ಒಂದೇ ಸಲಕ್ಕೆ ಶುರುವಾಯಿತು. ಆದರೆ ಮೊದಲನೇ ಚರಂಡಿಯಲ್ಲೇ ಹೊಟ್ಟೆ ಕರ್ರೆಂದು ನೆಲಕ್ಕೆ ತಾಗಿ ಕಾರು ನಿಂತಿತು. ಹಿಂದಕ್ಕೆ ತಳ್ಳಿದೆವು. ಮತ್ತೆ ಬಂದರು, ಮತ್ತೆ ಕರ್ರ್. ಅವರು ಇಳಿದ ಕೂಡಲೇ ಕಾರು ತಾನಾಗಿ ಮೇಲೆದ್ದಿತು.

ಬಾಲರಾಜ್ ಬಗ್ಗಿ ನೋಡಿ ತಲೆ ಕೆರೆದುಕೊಂಡ.

"ಜಿಯಾ ಸಾಬ್ರೆ, ನೀವೆಷ್ಟು ಕೆಜಿ?"

"ತೊಂಬತ್ತಾರು."

"ಮೂಟೆ ಐವತ್ತು."

ನಾನು ನಕ್ಕುಬಿಟ್ಟೆ, ಕಣ್ಣಲ್ಲಿ ನೀರು ಬರುವಷ್ಟು. ಸುತ್ತೂರ ಜೀಪುಗಳ ನಾಡಿ ಹಿಡಿದು ರೋಗ ಹೇಳುವವರು ತಮ್ಮ ತೂಕವನ್ನೇ ಮರೆತಿದ್ದರು. ಬಾಲರಾಜನೂ ನಕ್ಕ. ಅವರು ನಗಲಿಲ್ಲ. ಸ್ಪ್ರಿಂಗ್ ಬದಲಿಸಬಹುದಿತ್ತು, ಆದರೆ ಹೊಸದು ಬರಲು ತಿಂಗಳು ಬೇಕು. ಮಾತು ಕೊಟ್ಟದ್ದು ಇವತ್ತಿಗೆ. ಕೈ ಒರೆಸಿಕೊಂಡು ಫೋನ್ ತೆಗೆದರು.

"ಹೋಗ್ಲಿ ಬಿಡು ತಾಹಿರಾ. ಗುಜರಿಯವ್ನಿಗೆ ಹೇಳ್ತೀನಿ."

ಒಂಬತ್ತು ವರ್ಷದಿಂದ ನಾನು ಕಾಯುತ್ತಿದ್ದ ಮಾತು ಅದು. ಕಿವಿಗೆ ಬಿದ್ದಾಗ ಮಾತ್ರ ತಡೆಯಲಾರದಷ್ಟು ಸಂಕಟವಾಯಿತು. ಆ ಗೇರ್‌ಬಾಕ್ಸನ್ನು ವ್ಯಾನಿನಲ್ಲಿ ಹೊತ್ತು ತಂದವಳು ನಾನು. ಬ್ರೇಕಿಗಾಗಿ ಮೂರು ಅಂಗಡಿ ಹತ್ತಿ ಇಳಿದವಳು ನಾನು. ಬೈಯುತ್ತಲೇ ತಂದಿದ್ದೆ, ನಿಜ, ಆದರೂ ತಂದಿದ್ದೆನಲ್ಲ.

"ಕಾರು ಹತ್ಬೇಕು ಅಂತಷ್ಟೇ ಮಾತಾಗಿದ್ದು," ಎಂದೆ. "ಓಡ್ಸೋರು ಯಾರು ಅಂತ ಆಗಿರ್ಲಿಲ್ವಲ್ಲ."

ದುಪಟ್ಟಾ ಬಿಗಿದು ಕೂತೆ. ನನ್ನ ತೂಕ ಐವತ್ತೊಂದು. ಮೂಟೆ ಕೂತು ಬಿದ್ದ ಗುಳಿ ನನಗೆಂದೇ ಅಳತೆ ತೆಗೆದ ಹಾಗಿತ್ತು. ಮೊದಲನೇ ಚರಂಡಿ ಬಂತು, ಉಸಿರು ಹಿಡಿದೆ, ದಾಟಿತು. ಎರಡನೆಯದು ದಾಟಿತು. ತಿರುವಿನಲ್ಲಿ ಸ್ಟೀರಿಂಗ್ ಎರಡೇ ಬೆರಳಿಗೆ ತಿರುಗಿತು. ನೆಲ ಅಷ್ಟು ಹತ್ತಿರ, ಆಕಾಶ ಅಷ್ಟು ದೊಡ್ಡದು, ಮುಖಕ್ಕೆ ಬಡಿಯುವ ಗಾಳಿಯಲ್ಲಿ ಹಣ್ಣಿನ ವಾಸನೆ. ನನಗೆ ಎಷ್ಟು ಖುಷಿಯಾಯಿತೆಂದರೆ, ಯಾರೂ ಇಲ್ಲದ ಬಂಗಲೆಯ ಮುಂದೆ ಎರಡು ಸುತ್ತು ಹೊಡೆದು ಹಾರ್ನ್ ಮೇಲೆ ಹಾರ್ನ್ ಒತ್ತಿದೆ.

ಇಳಿದು ಬರುವಾಗ ಎರಡನೇ ತಿರುವಿನಲ್ಲಿ ಅವರು ಸಿಕ್ಕರು. ಹಿಂದೆಯೇ ಓಡಿ ಬಂದಿದ್ದರು. ಹೊಸ ಶರ್ಟು ಬೆವರಿಗೆ ತೊಯ್ದು ಹೋಗಿತ್ತು, ಮುಖದ ತುಂಬ ನಗು. ಎಳೆತ ಹೇಗಿದೆ, ಬ್ರೇಕ್ ಹೇಗಿದೆ ಎಂದು ಒಂದೇ ಉಸಿರಿಗೆ ಕೇಳಿದರು. ಎಲ್ಲ ಚೆನ್ನಾಗಿದೆ, ವ್ಯಾನಿಗೆ ಬೇರೆ ಕಡೆ ತಗಡಿನ ಸೂರು ಹಾಕಿಸಿದರೆ ಸಾಕು ಎಂದೆ. ಹತ್ತಿ ಕೂರಲು ಎಡಗಡೆ ಬಂದವರು ಸೀಟಿಲ್ಲದ ಬರಿ ತಗಡು ನೋಡುತ್ತ ನಿಂತರು.

"ಈ ಕಡೆ ಸೀಟು ಬೇಗ ಹಾಕಿ," ಎಂದೆ. "ಸ್ಪ್ರಿಂಗ್ ಕೂರ್ಸೋವಾಗ ಮಾತ್ರ ಅದ್ರ ಮೇಲೆ ಎರಡು ಮೂಟೆ ಇಡಿ."